ಬೆನ್ನಚೀಲದ ತೂಕವೇ ಓಟದ ಜೀವಾಳ

ಮಾನ್ಯರೇ,

ನಾರ್ವೆಯ ಬಿರ್ಕೆಬೈನರ್ ಸ್ಕೀ ಓಟದ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹ ಸ್ಪರ್ಧಿಗಳ ಬೆನ್ನಚೀಲವನ್ನೇ ಮರೆತಿದೆ. 1206ರ ಅಂತರ್ಯುದ್ಧದಲ್ಲಿ ಇಬ್ಬರು ಯೋಧರು ರಾಜಮನೆತನದ ಕೂಸು ಹಾಕೋನನನ್ನು ಶತ್ರುಗಳಿಂದ ಕಾಪಾಡಲು ಹೊತ್ತು, ಲಿಲ್ಲೆಹಾಮರ್‌ನಿಂದ ಸ್ಕೀ ಮೇಲೆ ಬೆಟ್ಟ ದಾಟಿ ಓಸ್ಟರ್‌ಡಾಲೆನ್ ಕಣಿವೆಗೆ ಸಾಗಿಸಿದರು. ಆ ಕೂಸೇ 1217ರಲ್ಲಿ ದೊರೆಯಾಯಿತು. ಅದರ ನೆನಪಿಗೆ 1932ರಲ್ಲಿ ಶುರುವಾದ ಈ 54 ಕಿ.ಮೀ. ಓಟದಲ್ಲಿ ಕೂಸಿನ ಭಾರದ ಗುರುತಾಗಿ ಪ್ರತಿ ಸ್ಪರ್ಧಿ ಹೊರುವ ಚೀಲ ಕನಿಷ್ಠ 3.5 ಕಿಲೋ ತೂಗಬೇಕು. (ಒಂದೂವರೆ ವರ್ಷದ ಮಗು ಅಷ್ಟು ಹಗುರ ಇರುವುದಿಲ್ಲ, ಆ ಮಾತು ಬೇರೆ.) ದಾರಿಯಲ್ಲಿ ಖಾಲಿಯಾಗುವ ನೀರು, ತಿನಿಸನ್ನು ಇದರಲ್ಲಿ ಎಣಿಸಿಕೊಂಡರೆ ಕೊನೆಗೆ ತೂಕ ಸಾಲದು. ಭಾರದ ವಸ್ತು ಬೆನ್ನಿಗೆ ಅಂಟಿದಂತಿರಬೇಕು, ಸೊಂಟದ ಪಟ್ಟಿ ಬಿಗಿಯಾಗಿರಬೇಕು. ಇಲ್ಲವಾದರೆ ಇಳಿಜಾರಿನ ತಿರುವಿನಲ್ಲಿ ಚೀಲ ಓಲಾಡಿ ಆಯ ತಪ್ಪುತ್ತದೆ. ಇನ್ನೊಂದು: ಈಗಿನ ಓಟ ಓಸ್ಟರ್‌ಡಾಲೆನ್ ಕಣಿವೆಯ ರೇನಾದಿಂದ ಲಿಲ್ಲೆಹಾಮರ್‌ಗೆ, ಅಂದರೆ ಯೋಧರು ಸಾಗಿದ್ದಕ್ಕೆ ತಿರುಗು ದಿಕ್ಕಿನಲ್ಲಿ.

ಇತಿ,
ಒಬ್ಬ ಓದುಗ