ಇಲಿಯ ಹಾಲು ಬತ್ತುವ ಗಂಟೆಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಇಲಿಯ ಸ್ತನಗ್ರಂಥಿಯ ಸ್ಲೈಡ್ ಹೇಗೆ ಮಾಡೋದು ಅಂತ ಕೇಳಿದ್ದೀಯ. ಅದು ಕೈಗೆ ಬರುವ ಕೆಲಸ, ಬೇಗ ಕಲಿತುಬಿಡ್ತೀಯ. ಕೈಕೊಡೋದು ದಿನ, ಗಂಟೆಗಳ ಲೆಕ್ಕ. ಇಲಿ ಅಂದರೆ ಇಲ್ಲಿ ಮೌಸ್. ಅದಕ್ಕೆ ಗ್ರಂಥಿ ಐದು ಜೊತೆ, ರ್‍ಯಾಟ್‌ಗೆ ಆರು.

ಸಂಜೆ ಗಂಡಿನ ಜೊತೆ ಬಿಟ್ಟ ಹೆಣ್ಣನ್ನು ಬೆಳಿಗ್ಗೆ ಬೇಗ ನೋಡು. ತಡ ಮಾಡಿದರೆ ಪ್ಲಗ್ (ಕೂಡಿದ ಮೇಲೆ ಹೆಣ್ಣಿನ ಯೋನಿಯಲ್ಲಿ ವೀರ್ಯ ಗಟ್ಟಿಯಾಗಿ ಆಗುವ ಬಿರಡೆ) ಉದುರಿಹೋಗಿರುತ್ತೆ. ಪ್ಲಗ್ ಕಂಡ ದಿನದ ಮಧ್ಯಾಹ್ನವನ್ನು 0.5ನೇ ದಿನ ಅಂತ ಬರೆದುಕೋ. ಪ್ಲಗ್ ಇದ್ದ ಮಾತ್ರಕ್ಕೆ ಬಸಿರು ನಿಂತಿದೆ ಅಂದುಕೊಳ್ಳಬೇಡ. ಹೆರಿಗೆ 19ರಿಂದ 21 ದಿನಕ್ಕೆ. ಅದಕ್ಕೂ ಮೊದಲೇ ಗಂಡನ್ನು ಬೇರೆ ಪಂಜರಕ್ಕೆ ಹಾಕು. ಇಲಿ ಹೆತ್ತ ಒಂದು ದಿನದೊಳಗೇ ಮತ್ತೆ ಬೆದೆಗೆ ಬರುತ್ತೆ. ಗಂಡು ಅಲ್ಲೇ ಇದ್ದರೆ ಹಾಲೂಡಿಸುತ್ತಲೇ ಮತ್ತೆ ಬಸಿರು. ಆಮೇಲೆ ಗ್ರಂಥಿಯಲ್ಲಿ ಕಂಡಿದ್ದು ಯಾವ ಹಾರ್ಮೋನಿನ ಕೆಲಸ ಅಂತ ನೀನು ಹೇಳಲಾರೆ.

ಎಲ್ಲ ಹಂತಕ್ಕೂ ನಾಲ್ಕನೇ ಗ್ರಂಥಿಯನ್ನೇ ತೆಗಿ, ತೊಡೆಸಂದಿಯದು. ಅದರ ನಡುವಿನ ಲಿಂಫ್ ಗಂಟು ಒಳ್ಳೆಯ ಗುರುತು. ಎದೆಯ ಕಡೆಯವು ಸ್ನಾಯುವಿಗೆ ಅಂಟಿಕೊಂಡಿರುತ್ತವೆ, ಬಿಡಿಸುವಾಗ ಮಾಂಸವೂ ಬರುತ್ತೆ. ಒಂದು ಬದಿಯದನ್ನು ಹೋಲ್ ಮೌಂಟ್‌ಗೆ (ಕತ್ತರಿಸದೆ ಇಡೀ ಗ್ರಂಥಿಯನ್ನೇ ಸ್ಲೈಡ್ ಮಾಡೋದು), ಇನ್ನೊಂದು ಬದಿಯದನ್ನು ಫಾರ್ಮಲಿನ್‌ಗೆ ಹಾಕಿ 5 ಮೈಕ್ರಾನ್ ದಪ್ಪದ ಸೆಕ್ಷನ್, ಅಂದರೆ ತೆಳು ಹೋಳು, ತೆಗಿ.

ಹೋಲ್ ಮೌಂಟ್‌ಗೆ ಗ್ರಂಥಿಯನ್ನು ಸ್ಲೈಡ್ ಮೇಲೆ ಮಡಿಕೆಯಿಲ್ಲದೆ ಹರಡಿ, ಅಂಟಿಕೊಳ್ಳಲು ಕೆಲವು ನಿಮಿಷ ಬಿಟ್ಟು, ಕಾರ್ನಾಯ್ ದ್ರಾವಣದಲ್ಲಿ 2ರಿಂದ 4 ಗಂಟೆ ಮುಳುಗಿಸು: ಎಥನಾಲ್ 6, ಕ್ಲೋರೋಫಾರ್ಮ್ 3, ಅಸಿಟಿಕ್ ಆಮ್ಲ 1 ಭಾಗ. ಆಮೇಲೆ 70% ಎಥನಾಲ್ 15 ನಿಮಿಷ, ನಿಧಾನಕ್ಕೆ ನೀರು ಬೆರೆಸುತ್ತಾ ಬರಿ ನೀರಿಗೆ ತಂದು, ರಾತ್ರಿಯಿಡೀ ಕಾರ್ಮೈನ್ ಆಲಂ. ಬಣ್ಣಕ್ಕೆ 1 ಗ್ರಾಂ ಕಾರ್ಮೈನ್, 2.5 ಗ್ರಾಂ ಪೊಟ್ಯಾಸಿಯಂ ಆಲಂ, 500 ಮಿ.ಲೀ. ನೀರು, 20 ನಿಮಿಷ ಕುದಿಸಿ ಸೋಸು. ಮತ್ತೆ 70, 95, 100% ಎಥನಾಲ್, ಕೊನೆಗೆ ಕೊಬ್ಬನ್ನು ತಿಳಿಯಾಗಿಸುವ ಝೈಲೀನ್, ಮೇಲಿನ ಗಾಜು ಅಂಟಿಸುವ ಡಿಪಿಎಕ್ಸ್. ಕೊಬ್ಬು ಮಸುಕಾಗಿಯೇ ಉಳಿದರೆ ಝೈಲೀನ್‌ನಲ್ಲಿ ಇನ್ನೂ ಹೊತ್ತು ಇಡು, ಇಲ್ಲವೇ ನೀರಿನಂಶ ಪೂರ್ತಿ ಹೋಗಿಲ್ಲ ಅಂತ ತಿಳಿದು 100% ಎಥನಾಲ್‌ಗೆ ಹಿಂದಿರುಗು.

ಕನ್ಯೆ ಇಲಿಯಲ್ಲಿ ಕಾಣೋದು ಕೊಬ್ಬಿನೊಳಗೆ ಎಲೆ ಉದುರಿದ ಮರದಂಥ ನಾಳಗಳು. ಬಸಿರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಪಕ್ಕದ ಕವಲು ಒಡೆಸುತ್ತೆ, ಪ್ರೊಲ್ಯಾಕ್ಟಿನ್ ಹಾರ್ಮೋನ್ ಹಾಲುಗೂಡುಗಳನ್ನು ಕಟ್ಟಿಸುತ್ತೆ. ದಿನ ತುಂಬುವ ಹೊತ್ತಿಗೆ ಜೀವಕೋಶಗಳೊಳಗೆ ಕೊಬ್ಬಿನ ಹನಿ ಕಾಣುತ್ತವೆ. ಅವನ್ನು ನೋಡಿ ಹಾಲು ಬಂತು ಅನ್ನಬೇಡ, ಹೆರಿಗೆಯ ಹೊತ್ತಿಗೆ ಪ್ರೊಜೆಸ್ಟರಾನ್ ಇಳಿದ ಮೇಲೇ ಸ್ರವಿಸುವಿಕೆ ನಿಜವಾಗಿ ಶುರು. ಹಾಲೂಡಿಸುವ ಹಂತದ ಹೋಲ್ ಮೌಂಟ್ ಬರೀ ಕೆಂಪು ಮುದ್ದೆ, ಅಲ್ಲಿ ಸೆಕ್ಷನ್ನೇ ಗತಿ.

ಇನ್ನು ಬತ್ತುವುದು. ಮರಿಗಳು ತಾವಾಗಿ ಹಾಲು ಬಿಡುವ 21ನೇ ದಿನದವರೆಗೆ ಕಾದರೆ ಗಡಿಯಾರ ಯಾವಾಗ ಶುರುವಾಯಿತು ಅಂತಲೇ ಗೊತ್ತಾಗಲ್ಲ, ಅಷ್ಟರಲ್ಲಿ ಅವು ಕಾಳು ತಿನ್ನುತ್ತಾ ಹಾಲು ಕುಡಿಯೋದು ಕಡಿಮೆ ಮಾಡಿರುತ್ತವೆ. ಅದಕ್ಕೇ ಹೆತ್ತಾಗ ಮರಿಗಳನ್ನು ಏಳೆಂಟಕ್ಕೆ ಸಮ ಮಾಡಿಕೊಂಡು, 7ರಿಂದ 10ನೇ ದಿನದೊಳಗೆ ಎಲ್ಲವನ್ನೂ ಒಟ್ಟಿಗೇ ತೆಗಿ, ಗಂಟೆ ಬರೆದಿಡು. ಮೊದಲ ದಿನಗಳಲ್ಲಿ ಮರಿಯ ಹೊಟ್ಟೆಯ ತೊಗಲಿನ ಮೂಲಕ ಬಿಳಿ ಹಾಲಿನ ಮಚ್ಚೆ ಕಾಣುತ್ತಾ ನೋಡು. ಕಾಣದಿದ್ದರೆ ಆ ತಾಯಿ ಹಾಲೂಡಿಸುತ್ತಿಲ್ಲ, ಲೆಕ್ಕಕ್ಕೆ ಸೇರಿಸಬೇಡ.

ಕರು ಬಾಯಿ ಹಾಕದಿದ್ದರೆ ಹಸು ಬತ್ತುತ್ತೆ ಅಂತಾರಲ್ಲ, ಇಲ್ಲೂ ಅದೇ. ಉಳಿದ ತೊಟ್ಟುಗಳಲ್ಲಿ ಮರಿಗಳು ಕುಡಿಯುತ್ತಿದ್ದರೂ ಒಂದು ತೊಟ್ಟನ್ನು ಮುಚ್ಚಿದರೆ ಆ ಗ್ರಂಥಿ ಮಾತ್ರ ಬತ್ತುತ್ತೆ. ಅಂದರೆ ಆಜ್ಞೆ ರಕ್ತದಿಂದಷ್ಟೇ ಬರೋದಲ್ಲ, ಕಟ್ಟಿಕೊಂಡ ಹಾಲಿನಿಂದಲೂ ಬರುತ್ತೆ. ಕೋಶದೊಳಗೆ ಜೀನ್‌ಗಳನ್ನು ನಡೆಸುವ ಪ್ರೋಟೀನ್‌ಗಳಲ್ಲಿ ಹಾಲಿನ ಕೆಲಸದ ಸ್ಟ್ಯಾಟ್‌5 ಇಳಿದು, ಕೋಶ ಸಾಯಿಸುವ ಸ್ಟ್ಯಾಟ್‌3 ಏಳುತ್ತೆ, 24 ಗಂಟೆಗೆ ಗೂಡಿನ ಒಳಗೆ ಉದುರಿದ ಗುಂಡು ಕೋಶಗಳು ತೇಲುತ್ತವೆ. ಆದರೆ ಮೊದಲ 48 ಗಂಟೆ ಗೂಡುಗಳ ಆಕಾರ ಉಳಿದಿರುತ್ತೆ. ಆಗ ಮರಿಗಳನ್ನು ವಾಪಸ್ ಬಿಟ್ಟರೆ ಹಾಲು ಮರಳಬಹುದು. ಆಮೇಲೆ ಪ್ರೋಟೀನ್ ಕಡಿಯುವ ಕಿಣ್ವಗಳಾದ ಪ್ರೋಟಿಯೇಸ್‌ಗಳು ಗೂಡಿನ ತಳಹಾಸನ್ನೇ ಕಡಿದುಹಾಕುತ್ತವೆ, ಆರನೇ ದಿನದ ಹೊತ್ತಿಗೆ ಕೊಬ್ಬಿನ ಕೋಶಗಳು ಮತ್ತೆ ತುಂಬಿಕೊಂಡಿರುತ್ತವೆ. ಆದ್ದರಿಂದ 12, 24, 48, 72 ಗಂಟೆ, ಆರನೇ ದಿನ, ಇಷ್ಟು ಬಿಂದುಗಳಾದರೂ ಬೇಕು. "ಎರಡನೇ ದಿನ" ಅಂತ ಬರೆದು 40 ಗಂಟೆಗೊಂದು, 54 ಗಂಟೆಗೊಂದು ತೆಗೆದರೆ ಎರಡೂ ಬೇರೆ ಬೇರೆ ಲೋಕ.

ಆರ್‌ಎನ್‌ಎ, ಪ್ರೋಟೀನ್ ತೆಗೆಯೋ ಮುಂಚೆ ಲಿಂಫ್ ಗಂಟನ್ನು ಕಿತ್ತುಹಾಕು, ಇಲ್ಲದಿದ್ದರೆ ಬಿಳಿ ರಕ್ತಕಣಗಳನ್ನೇ ಅಳೀತೀಯ. ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೋಟೀನನ್ನು ಅಳತೆಗೋಲು ಮಾಡಿ ಹೋಲಿಸೋದೂ ಇಲ್ಲಿ ಮೋಸ. ಕನ್ಯೆಯ ಗ್ರಂಥಿ ಬಹುಪಾಲು ಕೊಬ್ಬು, ಹಾಲೂಡಿಸುವಾಗ ಬಹುಪಾಲು ಎಪಿಥೀಲಿಯಂ, ಅಂದರೆ ನಾಳ-ಗೂಡುಗಳ ಒಳಪದರದ ಕೋಶಗಳು. ಆ ಎಪಿಥೀಲಿಯಂ ಕೋಶಗಳ ಪ್ರೋಟೀನಾದ ಕೆರಟಿನ್ 18ನ್ನು ಅಳತೆಗೋಲಾಗಿ ಇಟ್ಟುಕೋ. ಹಾಲಿನ ಹಂತದಲ್ಲಿ ಹಾಲಿನ ಪ್ರೋಟೀನಾದ ಕೇಸಿನ್‌ನ ಆರ್‌ಎನ್‌ಎ ಎಷ್ಟು ತುಂಬಿರುತ್ತೆ ಅಂದರೆ, ಉಳಿದವುಗಳ ಪಾಲು ಕುಗ್ಗಿ, ಬದಲಾಗದ ಜೀನ್ ಕೂಡ ಇಳಿದ ಹಾಗೆ ಕಾಣುತ್ತೆ.

ಬತ್ತಿ ಮೂರು ವಾರವಾದ ಗ್ರಂಥಿ ಕನ್ಯೆಯದರ ಹಾಗೇ ಕಾಣಬಹುದು. ಪಕ್ಕದ ಕವಲು ಎಣಿಸು, ಹೆಚ್ಚೇ ಇರುತ್ತೆ. ಹೋಲಿಕೆಗೆ ಅದೇ ವಯಸ್ಸಿನ, ಒಮ್ಮೆಯೂ ಹೆರದ ಇಲಿ ಬೇಕು. ಅವುಗಳ ಬೆದೆಯ ಹಂತವನ್ನೂ ಬರೆದಿಡು.

ನಿನ್ನ ಗೆಳೆಯ