ಒಂಬತ್ತನೇ ತರಗತಿಯ ಗೋಡೆಪತ್ರಿಕೆ ಕುರಿತು ಪೋಷಕರಿಗೆ

ಮಾನ್ಯ ಪೋಷಕರೇ,

ಮಹಿಳಾ ದಿನಾಚರಣೆಗೆ ಒಂಬತ್ತನೇ ತರಗತಿಯ ಮಕ್ಕಳು ಮಾಡಿದ ಗೋಡೆಪತ್ರಿಕೆಯಲ್ಲಿ ಇಂಗ್ಲೆಂಡಿನ ಜೋಸೆಫಿನ್ ಬಟ್ಲರ್ (1828–1906) ಅವರ ಪರಿಚಯವಿದೆ. ವೇಶ್ಯೆಯರ ಪರ ನಿಂತವರ ವಿಷಯ ಈ ವಯಸ್ಸಿಗೆ ಬೇಕೇ, ದಾದಿಯರ ಆದರ್ಶ ಫ್ಲಾರೆನ್ಸ್ ನೈಟಿಂಗೇಲ್ ಸಾಲದಿತ್ತೇ ಎಂದು ಹಲವರು ಕೇಳಿದ್ದೀರಿ. ನಿಮ್ಮ ಅಳುಕು ಅರ್ಥವಾಗುತ್ತದೆ.

1866ರಲ್ಲಿ ಲಿವರ್‌ಪೂಲಿಗೆ ಬಂದ ಬಟ್ಲರ್, ನಿರ್ಗತಿಕರಿಗೆ ಆಶ್ರಯ ಕೊಟ್ಟು ದುಡಿಸುತ್ತಿದ್ದ ಅಲ್ಲಿನ ಬ್ರೌನ್‌ಲೋ ಹಿಲ್ ವರ್ಕ್‌ಹೌಸ್‌ನಲ್ಲಿ ಹಗ್ಗ ಬಿಡಿಸುತ್ತಿದ್ದ ಹೆಂಗಸರ ಜೊತೆ ನೆಲದ ಮೇಲೆ ಕೂತು ತಾವೂ ಬಿಡಿಸಿದರು. ಡಾಂಬರು ಮೆತ್ತಿ ಗಟ್ಟಿಯಾದ ಹಡಗಿನ ಹಳೆ ಹಗ್ಗವನ್ನು ತುಂಡರಿಸಿ, ಹುರಿ ಬಿಚ್ಚಿ, ನಾರು ನಾರಾಗಿ ಕೀಳಬೇಕು. ಆ ನಾರನ್ನು ಹಡಗಿನ ಹಲಗೆಗಳ ಸಂದಿಗೆ ತುರುಕುತ್ತಿದ್ದರು. (ಈ ಕೆಲಸ ಹೇಗಿತ್ತೆಂದು ತಿಳಿಯಲು ನಮ್ಮ ಮಕ್ಕಳಿಗೆ ಬಿಡಿಸಲು ಕೊಟ್ಟದ್ದು ಗೇಣುದ್ದದ ಬರೀ ತೆಂಗಿನ ಹಗ್ಗ. ಬೆರಳು ಕೆಂಪಾಯಿತೆಂದು ಫೋನ್ ಮಾಡಿದವರು ದಯವಿಟ್ಟು ಗಮನಿಸಿ.) ದಿಕ್ಕಿಲ್ಲದ ಯುವತಿಯರನ್ನು ಬಟ್ಲರ್ ಮೊದಲು ಸ್ವಂತ ಮನೆಗೇ ಕರೆತಂದರು. ಆಮೇಲೆ ತಾವು ತೆರೆದ ಆಶ್ರಯಧಾಮದಲ್ಲಿ ಲಕೋಟೆ ಮಾಡುವ ಕೆಲಸ ಕೊಟ್ಟರು.

ಇನ್ನು ಆಕ್ಷೇಪದ ಭಾಗ. ಸೈನಿಕರಿಗೆ ಲೈಂಗಿಕ ರೋಗ ತಗಲುತ್ತದೆಂದು 1864, 1866, 1869ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ತಂದಿತು. ದಂಡು, ಬಂದರು ಇರುವ ಊರುಗಳಲ್ಲಿ ಮಫ್ತಿ ಪೊಲೀಸರು ಯಾವ ಹೆಣ್ಣಿನ ಮೇಲೆ ಸಂಶಯಪಟ್ಟರೂ ಬಲವಂತದ ತಪಾಸಣೆ. ಒಪ್ಪದಿದ್ದರೆ ಜೈಲು, ರೋಗ ಕಂಡರೆ ಆಸ್ಪತ್ರೆಯಲ್ಲಿ ಬಂಧನ, 1869ರ ಹೊತ್ತಿಗೆ ಒಂಬತ್ತು ತಿಂಗಳವರೆಗೂ. ಗಂಡಸರಿಗೆ ಈ ಕಾಯ್ದೆಯಲ್ಲಿ ಯಾವ ತಪಾಸಣೆಯೂ ಇರಲಿಲ್ಲ. ಬಟ್ಲರ್ ಪ್ರಶ್ನಿಸಿದ್ದು ಇದನ್ನೇ. ಈ ಕಾಯ್ದೆಯ ವಿರುದ್ಧ ಹೋರಾಡಿದ ಅವರ ಮಹಿಳಾ ಸಂಘದ ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದವರಲ್ಲಿ ನೀವು ಹೇಳಿದ ನೈಟಿಂಗೇಲ್ ಕೂಡ ಒಬ್ಬರು! ಕಾಯ್ದೆ ರದ್ದಾಗಲು 1886ರವರೆಗೆ ಕಾಯಬೇಕಾಯಿತು.

ನಾವು ಹೇಳಿಕೊಟ್ಟದ್ದು ಒಂದು ಕಾನೂನಿನ ಕಥೆ, ಅದರ ಹೊರೆ ಯಾರ ತಲೆಗೆ ಬಿತ್ತು ಎಂಬ ಲೆಕ್ಕ. ತಪಾಸಣೆ ಹೇಗೆ ನಡೆಯುತ್ತಿತ್ತು ಎಂಬ ವಿವರ ಪತ್ರಿಕೆಯಲ್ಲಿಲ್ಲ, ಅಂಥ ಚಿತ್ರವೂ ಇಲ್ಲ. ಪ್ರಾಥಮಿಕ ತರಗತಿಯ ಮಕ್ಕಳು ಓಡಾಡುವ ಕಡೆ ಅದನ್ನು ಹಾಕಿಯೂ ಇಲ್ಲ. ಇಷ್ಟಾದರೂ ಮುಜುಗರವಾದರೆ ನೇರವಾಗಿ ಬಂದು ಮಾತನಾಡಿ, ಬೇಸರವಿಲ್ಲ. ಆದರೆ ಪತ್ರಿಕೆಯನ್ನು ಗೋಡೆಯಿಂದ ಇಳಿಸುವುದಿಲ್ಲ.

ಏಕೆಂದರೆ ಮುಂದಿನ ಪಾಠ ವಯಸ್ಸಿನದು. ಇಂಗ್ಲೆಂಡಿನಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸು (ಲೈಂಗಿಕ ಸಂಬಂಧಕ್ಕೆ ಕೊಟ್ಟ ಒಪ್ಪಿಗೆಯನ್ನು ಕಾನೂನು ಮಾನ್ಯ ಮಾಡುವ ವಯಸ್ಸು) 1875ರಲ್ಲಿ 12ರಿಂದ 13ಕ್ಕೆ ಏರಿತು. ಬಟ್ಲರ್ ಮತ್ತಿತರರ ಒತ್ತಡದಿಂದ 1885ರಲ್ಲಿ 16 ಆಯಿತು. ನಮ್ಮ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿದ್ದು 1894ರಲ್ಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಇಂದಿನ ಪೋಕ್ಸೋ ಕಾಯ್ದೆಯಲ್ಲಿ ಸಮ್ಮತಿಯ ವಯಸ್ಸು 18. ಈ ಅಂಕಿ ಹದಿನಾಲ್ಕರ ಹುಡುಗಿಗೂ ಹುಡುಗನಿಗೂ ತಿಳಿದಿರಲೇಬೇಕು. ಮನೆಯಲ್ಲಿ ಹೇಳಲು ಸಂಕೋಚವೆನಿಸಿದರೆ ಶಾಲೆಯಾದರೂ ಹೇಳಬೇಕಲ್ಲವೇ? ಹುಡುಗರನ್ನು ಬೇರೆ ಕೋಣೆಗೆ ಕಳಿಸಿ ಎಂಬ ಸಲಹೆಯನ್ನು ಇದೇ ಕಾರಣಕ್ಕೆ ಒಪ್ಪಲಾಗಲಿಲ್ಲ.

ಓದಿದ ಗುರುತಿಗೆ ಶನಿವಾರದೊಳಗೆ ಮಕ್ಕಳ ಡೈರಿಯಲ್ಲಿ ಸಹಿ ಮಾಡಿ ಕಳಿಸಿ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ