ಹ್ಯೂ ಮರ್ಸರ್ ಬಗ್ಗೆ ಪೋಸ್ಟ್ ಹಾಕುವವರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ಈ ವಾರದ ವ್ಯಕ್ತಿ ಹ್ಯೂ ಮರ್ಸರ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅವರು "ಸೇನಾ ವೈದ್ಯ" ಆಗಿದ್ದರು ಎಂದು ದಯವಿಟ್ಟು ಬರೆಯಬೇಡಿ. 1776ರಲ್ಲಿ ಅವರು ಅಮೆರಿಕದ ಪಡೆಯ ಬ್ರಿಗೇಡಿಯರ್ ಜನರಲ್, ಕತ್ತಿ ಹಿಡಿದು ಕಾದಾಡಿದವರು. ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟದ್ದು ಅದಕ್ಕೂ 30 ವರ್ಷ ಮೊದಲು, ಸ್ಕಾಟ್ಲೆಂಡಿನಲ್ಲಿ ನಡೆದ 1746ರ ಕಲೊಡನ್ ಕದನದಲ್ಲಿ, ಸೋತ ಜಾಕೊಬೈಟ್ ಪಡೆಯ (ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರ) ಕಡೆ. ಈ ಎರಡನ್ನು ಬೆರೆಸುವುದರಿಂದಲೇ ಗೊಂದಲ.

ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಓದಿದ್ದು ಅಬರ್ಡೀನಿನಲ್ಲಿ. ಕಲೊಡನ್ ಸೋಲಿನ ನಂತರ ತಲೆಮರೆಸಿಕೊಂಡು ಅಮೆರಿಕದ ಪೆನ್ಸಿಲ್ವೇನಿಯಾ ಸೇರಿದರು. 1756ರಲ್ಲಿ ಪೆನ್ಸಿಲ್ವೇನಿಯಾದ ಪಡೆ ಕಿಟ್ಯಾನಿಂಗ್ ಎಂಬ ಮೂಲನಿವಾಸಿಗಳ ಹಳ್ಳಿಯ ಮೇಲೆ ನಡೆಸಿದ ದಾಳಿಯಲ್ಲಿ ಗಾಯಗೊಂಡು, ಗುಂಪಿನಿಂದ ಬೇರೆಯಾಗಿ, ಕಾಡಿನಲ್ಲಿ ಒಬ್ಬರೇ ನಡೆದು ಕೋಟೆ ತಲುಪಿದರು. ಆಮೇಲೆ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ವೈದ್ಯವೃತ್ತಿ, ಔಷಧಿ ಅಂಗಡಿ.

ಸಾವಿನ ವಿವರದಲ್ಲಿ ಇನ್ನಷ್ಟು ಎಚ್ಚರ ಬೇಕು. 1777ರ ಜನವರಿ 3, ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಕದನ. ಕುದುರೆಗೆ ಪೆಟ್ಟು ಬಿದ್ದು ನೆಲಕ್ಕಿಳಿದವರನ್ನು ಸುತ್ತುವರಿದ ಬ್ರಿಟಿಷ್ ಸೈನಿಕರು ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದು, ಬಯೊನೆಟ್ಟಿನಿಂದ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಏಳು ಬಾರಿ ಇರಿದರು. ಅಂದೇ ಸತ್ತರು ಎನ್ನುವುದು ತಪ್ಪು. ಸತ್ತದ್ದು ಜನವರಿ 12ರಂದು, ರಣಭೂಮಿಯ ಪಕ್ಕದ ಕ್ಲಾರ್ಕ್ ಮನೆಯಲ್ಲಿ. ಡಾ. ಬೆಂಜಮಿನ್ ರಶ್ ಉಪಚರಿಸಿದರೂ ಉಳಿಯಲಿಲ್ಲ. ಬಯೊನೆಟ್ ಗಾಯ ಹೊರಗೆ ಕಿರಿದು, ಒಳಗೆ ಆಳ. ಒಳಗಿನ ಕೀವನ್ನು, ನಂಜನ್ನು ತಡೆಯುವ ಉಪಾಯ ಆಗಿನ ವೈದ್ಯರಿಗಿರಲಿಲ್ಲ.

ಪ್ರಿನ್ಸ್‌ಟನ್ ರಣಭೂಮಿಯಲ್ಲಿದ್ದ, ಅವರ ಹೆಸರಿನ "ಮರ್ಸರ್ ಓಕ್" ಮರದ ಫೋಟೋ ಹಾಕುವುದಾದರೆ ಹಳೆಯದು ಎಂದು ನಮೂದಿಸಿ. ಆ ಮರ 2000ದಲ್ಲಿ ಬಿದ್ದುಹೋಯಿತು.